ಟಗರು ಮರಿ ಮೈ ಹಿಡಿಯುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಬೆಳಿಗ್ಗೆ ಬಿಟ್ಟರೆ ಸಂಜೆವರೆಗೂ ತಲೆ ಎತ್ತದೆ ಮೇಯುತ್ತವೆ. ರೊಪ್ಪಕ್ಕೆ ಬಂದ ಮೇಲೂ ಹಾಕಿದ ಮೇವಿಗೆ ಮುಗಿಬೀಳುತ್ತವೆ. ಹೊಟ್ಟೆ ನೋಡಿದರೆ ಡೊಳ್ಳು. ಬೆನ್ನ ಮೇಲೆ ಕೈಯಾಡಿಸಿದರೆ ಮಾತ್ರ ಮೂಳೆ ಕೈಗೆ ಸಿಗುತ್ತದೆ. ತಿಂಗಳು ಬಿಟ್ಟು ತೂಗಿದರೆ ಅರ್ಧ ಕೆಜಿ, ಮುಕ್ಕಾಲು ಕೆಜಿ ಜಾಸ್ತಿಯಾಗಿರುತ್ತದೆ, ಅಷ್ಟೇ. ಟಗರು ಮರಿ ತಂದು ಹುಲ್ಲಿನ ಮೇಲೆ ಬೆಳೆಸಿ ಮಾರುವವರು ಒಂದಲ್ಲ ಒಂದು ವರ್ಷ ಇಲ್ಲಿಗೆ ಬಂದು ನಿಲ್ಲುತ್ತಾರೆ. ನಾನೂ ನಿಂತಿದ್ದೆ.

ಆಗ ಎಲ್ಲರೂ ಮೊದಲು ಓಡುವುದು ಔಷಧಿ ಅಂಗಡಿಗೆ. ಲಿವರ್ ಟಾನಿಕ್ ಒಂದು ಕ್ಯಾನ್, ಕ್ಯಾಲ್ಸಿಯಂ ಒಂದು ಕ್ಯಾನ್, ಜೊತೆಗೆ ಅಂಗಡಿಯವರು 'ಇದನ್ನೂ ಹಾಕಿ ನೋಡಿ' ಅಂದ ಪುಡಿ ಒಂದು ಪೊಟ್ಟಣ. ನಾನು ಹೇಳುವುದು ಇಷ್ಟೇ: ಅಂಗಡಿ ಕೊನೆಗಿರಲಿ. ಮೊದಲು ತಕ್ಕಡಿ ನೋಡಿ. ಆಮೇಲೆ ಮರಿಯ ಬಾಯಿ, ಕಣ್ಣು, ಹಿಕ್ಕೆ. ಆಮೇಲೆ ಹುಲ್ಲು. ಇದೇ ಸಾಲಿನಲ್ಲಿ ನೋಡಿಕೊಂಡು ಬನ್ನಿ. ಒಂದು ತಪ್ಪು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ನನ್ನ ಮಂದೆಯಲ್ಲಿ ಎರಡು ತಪ್ಪು ಒಂದರ ಹಿಂದೆ ಒಂದು ಅಡಗಿ ಕೂತಿದ್ದವು. ಮೊದಲನೆಯದು ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ಒಂದು ತಿಂಗಳು ನೋಡಲೇ ಇಲ್ಲ.

ನಮ್ಮದು ಶಿರಾ–ಹಿರಿಯೂರು ಕಡೆ. ಆ ವರ್ಷ ಜುಲೈನಲ್ಲಿ 22 ಮರಿ ತಂದಿದ್ದೆ. ಸರಾಸರಿ 12 ಕೆಜಿ ಇದ್ದವು. ಆಗಸ್ಟ್‌ನಲ್ಲಿ ಒಂದೊಂದೂ 2.1 ಕೆಜಿ ಬಂದವು. ಸೆಪ್ಟೆಂಬರ್‌ನಲ್ಲಿ ಬಂದದ್ದು ಬರೀ 600 ಗ್ರಾಂ. ಅಂದರೆ ದಿನಕ್ಕೆ 20 ಗ್ರಾಂ. ಮಳೆ ಬಿದ್ದು ಹುಲ್ಲು ಚಿಗುರಿ ನಿಂತ ತಿಂಗಳಲ್ಲೇ ಹೀಗಾಯಿತು. ಇದೇ ನನ್ನನ್ನು ಯೋಚನೆಗೆ ಹಚ್ಚಿದ್ದು.

ಯಾವುದನ್ನು ತಪ್ಪು ಅನ್ನಬೇಕು ಎಂಬುದೂ ಗೊತ್ತಿರಬೇಕಲ್ವಾ? ನಮ್ಮ ಕಡೆಯ ನಾಟಿ ಮರಿ ಬರೀ ಮೇಯ್ದುಕೊಂಡು ಬಂದರೆ ದಿನಕ್ಕೆ 50ರಿಂದ 70 ಗ್ರಾಂ ಬರುತ್ತದೆ. ಒಳ್ಳೆ ಹುಲ್ಲಿನ ಜೊತೆ ಬೇಳೆ ಜಾತಿಯ ಸೊಪ್ಪು, ಒಂದಿಷ್ಟು ಹಿಂಡಿ ಸಿಕ್ಕರೆ 90, 100 ದಾಟುತ್ತದೆ. ಬಂಡೂರು ಮರಿ ಗಿಡ್ಡ ಜಾತಿ, ಅದರಿಂದ ಎತ್ತರದ ಯಳಗ ಜಾತಿಯ ಬೆಳವಣಿಗೆ ಕೇಳಬಾರದು. ಮಳೆಗಾಲದಲ್ಲಿ ಹುಲ್ಲಿದ್ದೂ 40 ಗ್ರಾಂಗಿಂತ ಕೆಳಗೆ ಇಳಿದರೆ ಎಲ್ಲೋ ತೂತಿದೆ ಅಂತಲೇ ಅರ್ಥ.

ತಕ್ಕಡಿಯಿಂದ ಶುರು ಮಾಡಿ

ಸುಮ್ನೆ ಕಣ್ಣಳತೆಯಲ್ಲಿ 'ಇಳಿದುಹೋಗಿವೆ' ಅನ್ನುವುದು ಬೇಡ. ನೇತುಹಾಕುವ ಡಿಜಿಟಲ್ ತಕ್ಕಡಿ, ಒಂದು ಗೋಣಿಚೀಲ, ಹಗ್ಗ ಇದ್ದರೆ ಸಾಕು. ಚೀಲಕ್ಕೆ ನಾಲ್ಕು ತೂತು ಮಾಡಿ ಕಾಲು ತೂರಿಸಿದರೆ ಮರಿ ಒದ್ದಾಡದೆ ನೇತಾಡುತ್ತದೆ.

ತೂಗುವ ಹೊತ್ತು ಮಾತ್ರ ಒಂದೇ ಇರಬೇಕು. ಬೆಳಿಗ್ಗೆ, ನೀರು ಮೇವು ಕೊಡುವ ಮುಂಚೆ. ಮೇಯ್ದು ಬಂದ 15 ಕೆಜಿ ಮರಿಯ ಹೊಟ್ಟೆಯಲ್ಲಿ ಹುಲ್ಲು ನೀರು ಸೇರಿ ಒಂದೂವರೆ, ಎರಡು ಕೆಜಿ ಇರುವುದು ದೊಡ್ಡ ವಿಷಯವಲ್ಲ. ಹೋದ ತಿಂಗಳು ಸಂಜೆ ತೂಗಿ ಈ ತಿಂಗಳು ಬೆಳಿಗ್ಗೆ ತೂಗಿದರೆ, ಬಂದ ತೂಕವೆಲ್ಲ ತಕ್ಕಡಿಯಲ್ಲೇ ಮಾಯ.

ಸಂತೆಯಿಂದ ತಂದ ದಿನದ ತೂಕವನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಉಪ್ಪು ನೆಕ್ಕಿಸಿ, ಮೇಲೆ ಹೊಟ್ಟೆ ತುಂಬ ನೀರು ಕುಡಿಸಿ ಸಂತೆಗೆ ಹಿಡಿದು ತರುವುದು ಹಳೆಯ ಕೈಚಳಕ. ನಾನು 13 ಕೆಜಿ ಅಂತ ದುಡ್ಡು ಕೊಟ್ಟ ಮರಿ ಮಾರನೇ ಬೆಳಿಗ್ಗೆ ಹನ್ನೊಂದೂವರೆ ತೂಗಿತ್ತು. ತಂದು ಒಂದು ವಾರ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ತೂಗಿದ್ದೇ ಮೊದಲ ತೂಕ. ಕಿವಿಗೆ ನಂಬರ್ ಓಲೆ ಹಾಕಿ, ಮರಿಗೊಂದು ಸಾಲು ಬರೆದಿಡಿ. ಸರಾಸರಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಇಡೀ ಮಂದೆ ಒಟ್ಟಿಗೆ ನಿಂತಿದ್ದರೆ ತಪ್ಪು ಹುಲ್ಲಿನಲ್ಲೋ ನೀರಿನಲ್ಲೋ ಇರುತ್ತದೆ. ಐದಾರು ಮರಿ ಮಾತ್ರ ನಿಂತಿದ್ದರೆ ತಪ್ಪು ಆ ಮರಿಗಳ ಒಳಗಿದೆ, ಇಲ್ಲವೇ ದೊಡ್ಡವು ಅವನ್ನು ಮೇವಿಗೆ ಸೇರಿಸುತ್ತಿಲ್ಲ. ನನ್ನ ಪುಸ್ತಕದಲ್ಲಿ ಸೆಪ್ಟೆಂಬರ್ ಸಾಲು ಹೀಗಿತ್ತು: ಎಂಟು ಮರಿ ಒಂದು ಗ್ರಾಂ ಕೂಡ ಮೇಲೇರಿಲ್ಲ ಅಥವಾ ಇಳಿದಿವೆ, ಉಳಿದವು ಒಂದೊಂದು ಕೆಜಿ ಆಸುಪಾಸು.

ಬಾಯಿ ತೆರೆದು ನೋಡಿ

ಇದು ಒಂದು ನಿಮಿಷದ ಕೆಲಸ. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಎಂಟು. ಮರಿಯಲ್ಲಿ ಎಂಟೂ ಸಣ್ಣ ಹಾಲುಹಲ್ಲು. ನಡುವಿನ ಎರಡು ಬಿದ್ದು ಅಗಲವಾದ ಹಲ್ಲು ಬರುವುದು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. 'ನಾಲ್ಕು ತಿಂಗಳ ಮರಿ' ಅಂತ ಕೊಟ್ಟ 12 ಕೆಜಿ ಪ್ರಾಣಿಯ ಬಾಯಲ್ಲಿ ಎರಡು ಅಗಲ ಹಲ್ಲು ಕಂಡರೆ ಅದು ಮರಿಯಲ್ಲ. ಹುಟ್ಟಿದಾಗಿನಿಂದ ಹಾಲು ಸಾಲದೆ ಕುಗ್ಗಿದ ಹಳೇ ಪ್ರಾಣಿ. ಅದಕ್ಕೆ ಏನು ತಿನ್ನಿಸಿದರೂ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು ಉಳಿದವನ್ನು ನೋಡಿ. ತುಟಿಯ ಮೇಲೆ ಹುಣ್ಣು, ಒರಟು ಹಕ್ಕಳೆ ಇದ್ದರೂ ಇಲ್ಲೇ ಕಾಣುತ್ತದೆ. ಬಾಯಿ ನೋಯುವ ಮರಿ ಹುಲ್ಲು ಮೂಸಿ ಬಿಡುತ್ತದೆ, ದೂರದಿಂದ ನೋಡಿದರೆ ಮೇಯುತ್ತಿರುವ ಹಾಗೇ ಕಾಣುತ್ತದೆ.

ಕಣ್ಣಿನ ಕೆಳರೆಪ್ಪೆ

ನನ್ನ ಮೊದಲ ತಪ್ಪು ಸಿಕ್ಕಿದ್ದು ಇಲ್ಲಿ. ಮಳೆಗಾಲದಲ್ಲಿ ಬಹಳ ಜನರಿಗೆ ಸಿಗುವುದೂ ಇಲ್ಲೇ.

ಮರಿಯನ್ನು ಬಿಸಿಲಿಗೆ ತನ್ನಿ. ಮಂಡಿಗಳ ನಡುವೆ ಕತ್ತು ಹಿಡಿದುಕೊಳ್ಳಿ. ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಗುಡ್ಡೆಯ ಮೇಲೆ ಮೆಲ್ಲಗೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಎಳೆಯಿರಿ. ಒಳಪೊರೆ ಹೊರಗೆ ಉಬ್ಬಿ ಬರುತ್ತದೆ. ಅದರ ಬಣ್ಣ ನೋಡಿ. ಮಾಗಿದ ದಾಳಿಂಬೆ ಕಾಳಿನ ಕೆಂಪಿದ್ದರೆ ಮರಿ ಚೆನ್ನಾಗಿದೆ. ಗುಲಾಬಿ ಇದ್ದರೆ ಅನುಮಾನ. ಸುಣ್ಣದ ಗೋಡೆಯ ಹಾಗಿದ್ದರೆ ಆ ಮರಿಯಲ್ಲಿ ರಕ್ತವೇ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದನ್ನೇ ಐದು ಬಣ್ಣದ ಚಾರ್ಟ್ ಮಾಡಿದ್ದಾರೆ, ಫಮಾಚ ಅಂತ ಹೆಸರು. ಅಂದು ನನ್ನ 22ರಲ್ಲಿ ಏಳು ಮರಿಗಳ ರೆಪ್ಪೆ ಬೆಳ್ಳಗಿತ್ತು. ತೂಕದ ಪುಸ್ತಕ ತೆಗೆದೆ. ಏಳೂ ಆ ಎಂಟರ ಪಟ್ಟಿಯಲ್ಲೇ ಇದ್ದವು.

ರಕ್ತ ಕುಡಿಯುವುದು ಹೀಮಾಂಕಸ್ ಎಂಬ ಹೊಟ್ಟೆಹುಳು. ಕುರಿಯ ನಾಲ್ಕನೇ ಹೊಟ್ಟೆಯಲ್ಲಿರುತ್ತದೆ. ಹಬ್ಬಕ್ಕೆ ಕೊಯ್ದಾಗ ಆ ಹೊಟ್ಟೆ ಸೀಳಿ ನೋಡಿ, ಕೆಂಪು ಬಿಳಿ ದಾರ ಹೊಸೆದ ಹಾಗೆ ಎರಡು ಸೆಂಟಿಮೀಟರ್ ಉದ್ದದ ಹುಳುಗಳು ಹರಿದಾಡುತ್ತಿರುತ್ತವೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಹೀರುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ. 15 ಕೆಜಿ ಮರಿಯ ಮೈಯಲ್ಲಿರುವುದೇ ಒಂದು ಲೀಟರ್ ರಕ್ತ. ನೀವು ಹಾಕಿದ ಹಿಂಡಿ ಎಲ್ಲಿಗೆ ಹೋಗುತ್ತಿದೆ ಅಂತ ಇನ್ನು ಕೇಳಬೇಕಿಲ್ಲ.

ಹೊಟ್ಟೆಹುಳು ಅಂದರೆ ಭೇದಿ ಅಂದುಕೊಂಡವರು ಇಲ್ಲೇ ಎಡವುತ್ತಾರೆ. ಈ ಹುಳು ಭೇದಿ ಮಾಡಿಸಬೇಕೆಂದಿಲ್ಲ. ಹಿಕ್ಕೆ ಗುಂಡಗೆ ಚೆನ್ನಾಗಿಯೇ ಬೀಳುತ್ತಿರುತ್ತದೆ. ಜಾಸ್ತಿಯಾದ ಮೇಲೆ ಗದ್ದದ ಕೆಳಗೆ ನೀರು ತುಂಬಿದ ಚೀಲ ಇಳಿಬೀಳುತ್ತದೆ. ದಿನವಿಡೀ ತಲೆ ಬಗ್ಗಿಸಿ ಮೇಯ್ದು ಬಂದ ಸಂಜೆ ದಪ್ಪಗಿರುತ್ತದೆ, ಬೆಳಿಗ್ಗೆ ಇಳಿದಿರುತ್ತದೆ. ಬೆಳಿಗ್ಗೆ ಮಾತ್ರ ಮರಿ ನೋಡುವವರಿಗೆ ಇದು ಕಾಣುವುದೇ ಇಲ್ಲ. ಮುಖವೆಲ್ಲ ಊದಿ, ಜ್ವರ ಬಂದು, ಮೂಗು ಸುರಿದು, ಬಾಯಿ ಹುಣ್ಣಾಗಿದ್ದರೆ ಅದು ಬೇರೆ ಕಥೆ. ನೀಲಿ ನಾಲಿಗೆ ರೋಗ ಇರಬಹುದು. ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ.

ಔಷಧಿ ಕುಡಿಸಿದ್ದೆನಲ್ಲ, ಮತ್ತೇಕೆ ಹುಳು?

ನಾನೂ ಇದನ್ನೇ ಕೇಳಿದೆ. ಆಗಸ್ಟ್ ಕೊನೆಗೆ ಎಲ್ಲ ಮರಿಗೂ ಆಲ್ಬೆಂಡಜೋಲ್ ಎಂಬ ಜಂತಿನ ಔಷಧಿ ಕುಡಿಸಿದ್ದೆ. ತಲಾ 3 ಮಿಲಿ, ಅಂದಾಜಿಗೆ. ವೈದ್ಯರು ಬಾಟಲಿ ತಿರುಗಿಸಿ ಲೆಕ್ಕ ಹಾಕಿ ತೋರಿಸಿದರು. ಬಾಟಲಿಯಲ್ಲಿ 2.5 ಪರ್ಸೆಂಟ್ ಅಂತಿತ್ತು. ಅಂದರೆ ಮಿಲಿಗೆ 25 ಮಿಲಿಗ್ರಾಂ. ಅವರು ಹೇಳಿದ ಪ್ರಮಾಣ ಕೆಜಿಗೆ 7.5 ಮಿಲಿಗ್ರಾಂ. 15 ಕೆಜಿ ಮರಿಗೆ 112 ಮಿಲಿಗ್ರಾಂ, ಅಂದರೆ ನಾಲ್ಕೂವರೆ ಮಿಲಿ ಬೇಕಿತ್ತು. ನಾನು ಕೊಟ್ಟಿದ್ದು ಮೂರರಲ್ಲಿ ಎರಡು ಪಾಲು. ಅರೆಬರೆ ಔಷಧಿಯಲ್ಲಿ ಗಟ್ಟಿ ಹುಳು ಉಳಿಯುತ್ತದೆ, ಅದರ ಸಂತಾನವೇ ಹೊಲದ ತುಂಬ ಹರಡುತ್ತದೆ. ಮರಿಗಳು ಹೆಚ್ಚುಕಮ್ಮಿ ಒಂದೇ ಗಾತ್ರದವಾದರೆ ಮಂದೆಯ ಅತಿ ದಪ್ಪ ಮರಿಯ ತೂಕಕ್ಕೆ ಲೆಕ್ಕ ಹಿಡಿಯಿರಿ, ಸರಾಸರಿ ಮರಿಗಲ್ಲ.

ಸರಿಯಾದ ಲೆಕ್ಕದಲ್ಲಿ ಮತ್ತೆ ಕುಡಿಸಿದೆ. ಈ ಸಲ ಕುಡಿಸುವ ದಿನವೇ ಹತ್ತು ಮರಿಗಳ ಹಿಕ್ಕೆಯನ್ನು ಬೆರಳು ಹಾಕಿ ನೇರ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ತಣ್ಣಗಿಟ್ಟು ಲ್ಯಾಬಿಗೆ ಕೊಟ್ಟಿದ್ದೆ. ನೆಲಕ್ಕೆ ಬಿದ್ದದ್ದನ್ನು ಆರಿಸಿದರೆ ಮಣ್ಣಿನ ಹುಳುಗಳೂ ಸೇರಿಕೊಳ್ಳುತ್ತವೆ. ಒಂದು ಗ್ರಾಂ ಹಿಕ್ಕೆಗೆ ಸರಾಸರಿ 1,800 ಮೊಟ್ಟೆ ಬಂತು. 12 ದಿನ ಬಿಟ್ಟು ಅದೇ ಹತ್ತು ಮರಿಗಳದ್ದು ಕೊಟ್ಟೆ. 1,100! ಔಷಧಿ ಕೆಲಸ ಮಾಡಿದ್ದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಇಳಿಯಬೇಕು. ನನ್ನದು ಇಳಿದದ್ದು 39. ನನ್ನ ಹೊಲದ ಹುಳುವಿಗೆ ಆ ಔಷಧಿ ಪಾನಕವಾಗಿಬಿಟ್ಟಿತ್ತು. ಅದೇ ಗುಂಪಿನ ಫೆನ್‌ಬೆಂಡಜೋಲ್‌ಗೆ ಬದಲಾಯಿಸಿದ್ದರೂ ಉಪಯೋಗವಿರುತ್ತಿರಲಿಲ್ಲ. ಬ್ರ್ಯಾಂಡ್ ಬದಲಾಯಿಸುವುದು ಬೇರೆ, ಔಷಧಿಯ ಗುಂಪು ಬದಲಾಯಿಸುವುದು ಬೇರೆ.

ವೈದ್ಯರು ಕ್ಲೋಸಾಂಟೆಲ್ ಬರೆದುಕೊಟ್ಟರು. ರಕ್ತ ಕುಡಿಯುವ ಹುಳುವಿಗೆ ಇದು ಗುರಿಯಿಟ್ಟ ಔಷಧಿ. ಆದರೆ ಕೈಯಳತೆಗೆ ಕೊಡುವಂಥದ್ದಲ್ಲ, ಪ್ರಮಾಣ ಮೀರಿದರೆ ಕುರಿಯ ಕಣ್ಣೇ ಹೋಗುತ್ತದೆ. ಅಲ್ಲಿ ದಪ್ಪ ಮರಿಯ ಲೆಕ್ಕ ನಡೆಯುವುದಿಲ್ಲ, ಒಂದೊಂದನ್ನೂ ತೂಗಿಯೇ ಕೊಟ್ಟೆ. ಕೊಟ್ಟ ಮೇಲೆ ವಾರಗಟ್ಟಲೆ ಮಾಂಸಕ್ಕೆ ಮಾರುವಂತಿಲ್ಲ, ಲೇಬಲ್ ಓದಿ. ಮೂರು ವಾರದಲ್ಲಿ ರೆಪ್ಪೆಗಳು ಗುಲಾಬಿಗೆ ತಿರುಗಿದವು.

ಇನ್ನೊಂದು ಮಾತು, ಕೇಳಿದರೆ ತಲೆಕೆಳಗು ಅನ್ನಿಸುತ್ತದೆ. ರೆಪ್ಪೆ ಕೆಂಪಗಿದ್ದು ಮೈ ಹಿಡಿಯುತ್ತಿರುವ ಮರಿಗೆ ಔಷಧಿ ಬೇಡ. ಎಲ್ಲಕ್ಕೂ ಪ್ರತಿ ತಿಂಗಳು ಕುಡಿಸುತ್ತಾ ಹೋದರೆ ಔಷಧಿಗೆ ಬಗ್ಗುವ ಹುಳುಗಳೆಲ್ಲ ಸತ್ತು, ಬಗ್ಗದವಷ್ಟೇ ಹೊಲದಲ್ಲಿ ಉಳಿಯುತ್ತವೆ. ಹೊಸದಾಗಿ ತಂದ ಮರಿಗಳ ವಿಷಯ ಬೇರೆ. ಅವಕ್ಕೆ ಬಂದ ದಿನವೇ ಕುಡಿಸಿ, ಎರಡು ಮೂರು ದಿನ ಒಣ ರೊಪ್ಪದಲ್ಲೇ ಕೂಡಿ, ಆ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿ. ಆಮೇಲೆ ಹುಲ್ಲಿಗೆ ಬಿಡಿ.

ಹುಳು ಬರುವುದು ಹುಲ್ಲಿನಿಂದಲೇ ಅಲ್ವಾ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಮರಿಹುಳುವಾಗಿ ಹುಲ್ಲಿನ ತುದಿಯ ಕಡೆ ಹತ್ತುತ್ತದೆ. ಇಬ್ಬನಿ, ಮಳೆ ನೀರಿನ ಪೊರೆಯೇ ಅದಕ್ಕೆ ಏಣಿ. ಹೆಚ್ಚಿನವು ಬುಡದಿಂದ ಐದು ಸೆಂಟಿಮೀಟರ್ ಒಳಗೇ ಇರುತ್ತವೆ. ಹಾಗಾಗಿ ಇಬ್ಬನಿ ಆರಿದ ಮೇಲೆ ಬಿಡಿ. ಹುಲ್ಲು ನಾಲ್ಕು ಬೆರಳಿಗೆ ಇಳಿದ ಕಡೆ ಮಂದೆ ನಿಲ್ಲಿಸಬೇಡಿ. ಜಾಗ ಇದ್ದವರು ತುಂಡು ತುಂಡಾಗಿ ಬೇಲಿ ಹಾಕಿ, ಒಂದು ತುಂಡಿನಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ ಮೇಯಿಸದೆ, ಒಂದು ತಿಂಗಳ ಮೇಲೆ ವಾಪಸ್ ಬರುವುದು ಒಳ್ಳೆಯದು. ಪೆಸಿಫಿಕ್ ಸಾಗರದ ಟೋಂಗಾ ದ್ವೀಪದಲ್ಲಿ ಆಡುಗಳಿಗೆ ಹತ್ತು ತುಂಡು ಮಾಡಿ, ಮೂರೂವರೆ ದಿನಕ್ಕೊಮ್ಮೆ ಬದಲಿಸಿ ಹುಳು ಹತೋಟಿಗೆ ತಂದಿದ್ದಾರೆ. ನಮ್ಮಂಥ ಬೆಚ್ಚಗಿನ ಹವೆಯಲ್ಲಿ ಮರಿಹುಳು ಬೇಗ ಹುಟ್ಟುತ್ತದೆ, ತಿನ್ನಲು ಕುರಿ ಸಿಗದಿದ್ದರೆ ಬೇಗ ಸಾಯುತ್ತದೆ ಕೂಡ. ನನ್ನ ಎರಡು ಎಕರೆಯಲ್ಲಿ ಆರು ತುಂಡು ಆಗಿದೆ, ಹತ್ತು ಆಗಲಿಲ್ಲ.

ಹಿಕ್ಕೆ ಏನು ಹೇಳುತ್ತದೆ

ಗಟ್ಟಿ, ಬಿಡಿಬಿಡಿ, ಸ್ವಲ್ಪ ಹೊಳಪು: ಸರಿ. ಮೊದಲ ಮಳೆಯ ಎಳೆ ಹುಲ್ಲಿಗೆ ನಾಲ್ಕು ದಿನ ಮೆತ್ತಗಾಗುವುದು ಸಹಜ. ಐದಾರು ತಿಂಗಳ ಒಳಗಿನ ಮರಿ, ಒದ್ದೆ ರೊಪ್ಪ, ಹಿಕ್ಕೆಯಲ್ಲಿ ರಕ್ತ ಅಥವಾ ಲೋಳೆ, ಬಾಲದ ಸುತ್ತ ಕೊಳಕು ಇದ್ದರೆ ಕಾಕ್ಸಿಡಿಯಾ (ಕರುಳಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿ) ಅನುಮಾನಿಸಿ. ಅದಕ್ಕೆ ಜಂತಿನ ಔಷಧಿ ನಾಟುವುದಿಲ್ಲ, ಬೇರೆಯದೇ ಬೇಕು. ಕೆರೆ ಅಂಚಿನಲ್ಲಿ ನೀರು ಇಳಿದ ಜಾಗದ ಹಸಿರು ಮೇಯ್ದ ಮೇಲೆ ಗಬ್ಬುನಾತದ ನೀರು ಭೇದಿ ಶುರುವಾದರೆ ಬಸವನಹುಳುವಿನಿಂದ ಬರುವ ಚಪ್ಪಟೆ ಹುಳುಗಳನ್ನು ನೆನಪು ಮಾಡಿಕೊಂಡು ವೈದ್ಯರಿಗೆ 'ಕೆರೆ ಅಂಗಳದಲ್ಲಿ ಮೇಯಿಸಿದೆ' ಅಂತ ತಪ್ಪದೆ ಹೇಳಿ. ಆ ಒಂದು ಮಾತಿನಿಂದ ಔಷಧಿಯೇ ಬದಲಾಗುತ್ತದೆ. ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಂಡು ಕಂಡರೆ ಲಾಡಿಹುಳು. ನೋಡಿದರೆ ಹೊಟ್ಟೆ ತೊಳಸುತ್ತದೆ, ಆದರೆ ತೂಕ ನಿಂತದ್ದಕ್ಕೆ ಸಾಮಾನ್ಯವಾಗಿ ಅದು ಕಾರಣವಲ್ಲ. ಕಣ್ಣಿಗೆ ಕಂಡದ್ದೇ ಕಳ್ಳ ಅಂತ ಅದರ ಹಿಂದೆ ಬೀಳುವವರು ಬಹಳ.

ಹುಲ್ಲು: ನನ್ನ ಎರಡನೇ ತಪ್ಪು

ಅಕ್ಟೋಬರ್ ತೂಕ ಬಂತು. 1.3 ಕೆಜಿ. ದಿನಕ್ಕೆ 40 ಗ್ರಾಂ ದಾಟಿತ್ತು. ಸೆಪ್ಟೆಂಬರ್‌ಗೆ ಹೋಲಿಸಿದರೆ ಡಬಲ್, ನಾನು ಖುಷಿಯಾಗಿಬಿಟ್ಟೆ. ಪುಸ್ತಕ ನೋಡಿದ ನಮ್ಮ ಚಿಕ್ಕಪ್ಪ ಒಂದೇ ಮಾತು ಕೇಳಿದರು: "ಹುಳ ಹೋಯ್ತಲ್ಲಪ್ಪಾ, ಆಗಸ್ಟಿನಷ್ಟಾದ್ರೂ ಯಾಕೆ ಬರ್ಲಿಲ್ಲ?" ಸರಿಯಾದ ಪ್ರಶ್ನೆ. ಆಗಸ್ಟಿನಲ್ಲಿ ತಿಂಗಳಿಗೆ ಎರಡು ಕೆಜಿ ಬಂದಿತ್ತಲ್ಲ.

ಹಗಲು ಆರು ತಾಸು ಮೇಯಿಸಿ, ರಾತ್ರಿಗೆ ತಲಾ 3 ಕೆಜಿ ನೇಪಿಯರ್ ಹುಲ್ಲು ಕತ್ತರಿಸಿ ಹಾಕುತ್ತಿದ್ದೆ. ಮೂರು ಕೆಜಿ ಸಾಲದೇ ಅನ್ನುತ್ತಿದ್ದೆ. ಆ ಸಂಜೆ ಚಿಕ್ಕಪ್ಪ ಗೋದಲಿಯ ಮುಂದೆ ಕೂತು, ಮರಿಗಳು ಬಿಟ್ಟದ್ದನ್ನು ಕೈಯಲ್ಲಿ ಬಾಚಿ ಗುಡ್ಡೆ ಮಾಡಿದರು. ಎಲ್ಲ ದಂಟು. ಹೆಬ್ಬೆರಳು ಗಾತ್ರದ, ಒಳಗೆ ಬೆಂಡು ತುಂಬಿದ ದಂಟಿನ ತುಂಡುಗಳು. ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟು "ಕಡಿ ನೋಡಣ" ಅಂದರು. ಹಲ್ಲಿಗೆ ನಾರು ಸಿಕ್ಕಿಕೊಂಡಿತು.

ಮಾರನೇ ದಿನ ನಾನು ಎರಡು ತೂಕ ಹಾಕಿದೆ. ಒಂದು ಕೆಜಿ ಹಸಿ ನೇಪಿಯರ್ ಕತ್ತರಿಸಿ ತಾರಸಿ ಮೇಲೆ ಹರಡಿ, ಮುರಿದರೆ ಪಟ್ ಅನ್ನುವವರೆಗೆ ನಾಲ್ಕು ದಿನ ಒಣಗಿಸಿದೆ. ಉಳಿದದ್ದು 190 ಗ್ರಾಂ. ಮಿಕ್ಕದ್ದೆಲ್ಲ ನೀರು. ಇನ್ನೊಂದು, ಗೋದಲಿಯಲ್ಲಿ ಉಳಿಯುತ್ತಿದ್ದ ದಂಟು. ಹಾಕಿದ 66 ಕೆಜಿಯಲ್ಲಿ 24 ಕೆಜಿ ಹಾಗೇ ಬಿದ್ದಿತ್ತು. ಅಂದರೆ ಮರಿಗೆ ರಾತ್ರಿ ಸಿಗುತ್ತಿದ್ದ ಒಣ ಲೆಕ್ಕದ ಮೇವು 400 ಗ್ರಾಂ ಕೂಡ ಇಲ್ಲ. ಬೆಳೆಯುವ ಮರಿಗೆ ಮೈತೂಕದ ನೂರಕ್ಕೆ ಮೂರೂವರೆ, ನಾಲ್ಕು ಪಾಲು ಒಣ ಲೆಕ್ಕದಲ್ಲಿ ಬೇಕು. 16 ಕೆಜಿ ಮರಿಗೆ 600 ಗ್ರಾಂ. ಉಳಿದದ್ದು ಹಗಲಿನ ಮೇವಿನಿಂದ ಬರಬೇಕು. ಅಕ್ಟೋಬರ್ ಹೊತ್ತಿಗೆ ಹೊಲದ ಬದುವಿನ ಹುಲ್ಲೂ ತೆನೆ ಕಟ್ಟಿ ಬಲಿತಿತ್ತು.

ದೋಷ ನೇಪಿಯರ್‌ನದಲ್ಲ, ಕಟಾವಿನದು. ಎತ್ತರ ಬೆಳೆದಷ್ಟೂ ಲಾಭ ಅಂತ 75 ದಿನ ಬಿಡುತ್ತಿದ್ದೆ. ಎಮ್ಮೆ ಅದನ್ನೂ ಅಗಿಯುತ್ತದೆ. ಕುರಿಯ ಬಾಯಿ ಸಣ್ಣದು, ಹೊಟ್ಟೆ ಸಣ್ಣದು, ಅದು ಎಲೆ ಆರಿಸಿ ತಿನ್ನುವ ಪ್ರಾಣಿ. ನೇಪಿಯರ್ 40–45 ದಿನಕ್ಕೆ ಕೊಯ್ಯಬೇಕು, ಸೊಂಟದ ಎತ್ತರಕ್ಕೆ. ಆಗ ಸಸಾರಜನಕದ (ಪ್ರೋಟೀನ್) ಅಂಶ ನೂರಕ್ಕೆ ಎಂಟು, ಹತ್ತು ಇರುತ್ತದೆ. ಬಲಿತಷ್ಟೂ ಅದು ಇಳಿಯುತ್ತಾ ಹೋಗುತ್ತದೆ. ಮೈ ಹಿಡಿಯುವ ಮರಿಗೆ ಒಟ್ಟು ಮೇವಿನಲ್ಲಿ ಅದು ಹನ್ನೆರಡರ ಮೇಲಿರಬೇಕು. ಅಂದರೆ ಎಷ್ಟೇ ಎಳೆಯದಾದರೂ ಬರೀ ನೇಪಿಯರ್ ಸಾಲದು. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಡೊಳ್ಳುಹೊಟ್ಟೆ, ಎದ್ದ ಬೆನ್ನುಮೂಳೆ, ಕೆಂಪು ರೆಪ್ಪೆ ಈ ಮೂರೂ ಒಟ್ಟಿಗೆ ಕಂಡರೆ ನಿಮ್ಮದೂ ಇದೇ ತಪ್ಪು.

ಇದಕ್ಕೆ ಮದ್ದು ಬೇಲಿಯಲ್ಲೇ ಇದೆ. ಅಗಸೆ ಮರದ ಸೊಪ್ಪು, ಬೇಲಿ ಮೆಂತೆ, ಕುದುರೆ ಮೆಂತ್ಯ. ಇವುಗಳಲ್ಲಿ ಸಸಾರಜನಕ ಹುಲ್ಲಿನ ಎರಡರಷ್ಟು. ಒಟ್ಟು ಹಸಿ ಮೇವಿನಲ್ಲಿ ಮೂರರಲ್ಲಿ ಒಂದು ಪಾಲು ಇಂಥ ಸೊಪ್ಪು ಇರಲಿ. ಸುಬಾಬುಲ್ ಇದ್ದರೆ ಆ ಪಾಲನ್ನು ಮೀರಬೇಡಿ, ಅದರಲ್ಲಿ ಮಿಮೋಸಿನ್ ಎಂಬ ವಿಷವಿದೆ, ಜಾಸ್ತಿಯಾದರೆ ಕೂದಲು ಉದುರುತ್ತದೆ. ಎಳೆ ಕುದುರೆ ಮೆಂತ್ಯವನ್ನು ಖಾಲಿ ಹೊಟ್ಟೆಗೆ ಹಸಿಹಸಿಯಾಗಿ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಒಣ ಮೇವು, ಆಮೇಲೆ ಬಾಡಿಸಿದ ಸೊಪ್ಪು. ನಮ್ಮ ಕಡೆ ಕಡ್ಲೆಕಾಯಿ ಬಳ್ಳಿ ಇರುವಾಗ ಹಿಂಡಿಗೆ ದುಡ್ಡು ಸುರಿಯುವುದು ಕಡಿಮೆ ಮಾಡಬಹುದು. ಮಳೆಗೆ ನೆನೆದು ಬೂಷ್ಟು ಹಿಡಿದ ಬಳ್ಳಿ ಮಾತ್ರ ಬೇಡವೇ ಬೇಡ. ಜೋಳದ ಎಳೆ ಪೈರಿಗೂ, ಬರದಲ್ಲಿ ಬಾಡಿದ ಪೈರಿಗೂ ಮಂದೆ ನುಗ್ಗಿಸಬೇಡಿ, ಅದರ ಸಯನೈಡ್‌ಗೆ ನಿಂತಲ್ಲೇ ಬೀಳುತ್ತವೆ.

ನವೆಂಬರ್‌ನಲ್ಲಿ 45 ದಿನದ ನೇಪಿಯರ್ 2 ಕೆಜಿ, ಅಗಸೆ ಮತ್ತು ಬೇಲಿ ಮೆಂತೆ 1 ಕೆಜಿ, ಕಡ್ಲೆಬಳ್ಳಿ ಎರಡು ಹಿಡಿ ಹಾಕಿದೆ. ತಿಂಗಳಿಗೆ 2.7 ಕೆಜಿ ಬಂತು. ದಿನಕ್ಕೆ 90 ಗ್ರಾಂ.

ರೊಪ್ಪದೊಳಗಿನ ಸಣ್ಣಪುಟ್ಟವು

ಗೋದಲಿ ಅಳೆಯಿರಿ. ಮರಿಗೆ ಒಂದು ಅಡಿ ಬೇಕು. 22 ಮರಿಗೆ ನನ್ನ ಗೋದಲಿ 12 ಅಡಿ ಇತ್ತು. ಗಟ್ಟಿ ಮರಿಗಳು ಎಲೆ ತಿಂದು ಹೋದ ಮೇಲೆ ಸಣ್ಣವಕ್ಕೆ ದಂಟು ಉಳಿಯುತ್ತಿತ್ತು. ಗಾತ್ರ ನೋಡಿ ಎರಡು ಗುಂಪು ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ನೀರಿನ ತೊಟ್ಟಿಯಲ್ಲಿ ಪಾಚಿ ಕಟ್ಟಿದ್ದರೆ ಮರಿ ನೀರು ಕಡಿಮೆ ಕುಡಿಯುತ್ತದೆ, ನೀರು ಕಡಿಮೆಯಾದರೆ ಮೇವೂ ಕಡಿಮೆ. ಕುಂಟುವ ಮರಿ ಮಂದೆಯ ಹಿಂದೆ ಬೀಳುತ್ತದೆ, ಮೊದಲು ಹೋದವು ಬಿಟ್ಟದ್ದನ್ನು ತಿನ್ನುತ್ತದೆ. ಗೊರಸಿನ ಸಂದಿಯಲ್ಲಿ ಕೊಳೆತ ವಾಸನೆ ಇದೆಯಾ ಅಂತ ಮೂಸಿ ನೋಡಿ.

ಉಪ್ಪಿನ ಗಟ್ಟಿ ನೇತುಹಾಕುವುದು ಸರಿ. ಆದರೆ ಹಸುವಿಗೆ ತಂದ ಮಿನರಲ್ ಮಿಕ್ಸ್‌ಚರನ್ನು ಕುರಿಗೆ ಹಾಕಬೇಡಿ. ಅದರಲ್ಲಿ ತಾಮ್ರ ಜಾಸ್ತಿ. ಕುರಿಯ ಮೈ ತಾಮ್ರವನ್ನು ಹೊರಹಾಕುವುದರಲ್ಲಿ ಹಿಂದೆ, ಯಕೃತ್ತಿನಲ್ಲಿ ಕೂಡಿಡುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ಒಂದು ದಿನ ಕಣ್ಣು ಹಳದಿ, ಮೂತ್ರ ಕಡುಕೆಂಪು, ಎರಡು ದಿನದಲ್ಲಿ ಸಾವು. ಕುರಿಯದೇ ಮಿಶ್ರಣ ಅಂತ ಬರೆದದ್ದನ್ನು ತನ್ನಿ.

ತೂಕ ಬರುತ್ತಿರುವಾಗಲೇ ಸತ್ತರೆ

ಇದು ಉಲ್ಟಾ ದೋಷ. ಮಂದೆಯಲ್ಲಿ ಎಲ್ಲಕ್ಕಿಂತ ದಪ್ಪ ಮರಿ, ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿದೆ. ಮೇವು ತಟ್ಟನೆ ಸೊಂಪಾದಾಗ, ರಾಗಿ ಕಣಕ್ಕೆ ನುಗ್ಗಿದಾಗ, ಮದುವೆ ಮನೆಯ ಅನ್ನ ತಂದು ಸುರಿದಾಗ ಇದು ಆಗುತ್ತದೆ. ಕರುಳುಬೇನೆ ಇರಬಹುದು. ಅಲ್ಲದಿದ್ದರೆ ಕಾಳು ಹೊಟ್ಟೆಯಲ್ಲಿ ಹುಳಿಯಾಗಿರಬಹುದು. ಕರುಳುಬೇನೆಗೆ ಲಸಿಕೆ ಇದೆ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಹಾಕಿಸಬೇಕು. ಮೊದಲ ಸಲದ ಮರಿಗಳಿಗೆ ಎರಡು ಮೂರು ವಾರಕ್ಕೆ ಇನ್ನೊಂದು ಡೋಸ್ ಬೇಕು. ಮೇವು ಬದಲಿಸುವುದಾದರೆ ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

ಎಲ್ಲ ಸರಿಯಿದ್ದೂ ಬರದಿದ್ದರೆ ಕ್ಯಾಲೆಂಡರ್ ನೋಡಿ

ಕೆಲವು ಸಲ ಮರಿಯೂ ಸರಿ, ಹುಲ್ಲೂ ಸರಿ, ತಿಂಗಳು ತಪ್ಪು. ಹೊಸತೊಡಕಿಗೆ ಮಾರುವವರಿಗೆ ಲೆಕ್ಕ ಸುಲಭ. ಯುಗಾದಿ ಮಾರ್ಚ್–ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ಮಳೆಗಾಲದ ಹುಲ್ಲು, ಸುಗ್ಗಿಯ ಹೊಟ್ಟು, ಬಳ್ಳಿ ಎಲ್ಲ ಸಿಕ್ಕ ಮರಿ ಅಷ್ಟು ಹೊತ್ತಿಗೆ ತಯಾರಿರುತ್ತದೆ. ಬಕ್ರೀದ್ ಹಾಗಲ್ಲ, ವರ್ಷಕ್ಕೆ ಸುಮಾರು 11 ದಿನ ಮುಂಚೆ ಮುಂಚೆ ಬರುತ್ತದೆ. 2026ರಲ್ಲಿ ಮೇ ಕೊನೆ ವಾರ. 2030ಕ್ಕೆ ಏಪ್ರಿಲ್. ಮೇ ಕೊನೆಗೆ ಮಾರಬೇಕಾದ ಟಗರು ಕೊನೆಯ ಮೂರು ತಿಂಗಳು ಕಳೆಯುವುದು ಸುಡುಬಿಸಿಲಿನಲ್ಲಿ, ಹಸಿರೇ ಇಲ್ಲದ ಹೊಲದಲ್ಲಿ. ಹತ್ತು ಗಂಟೆಗೇ ಮಂದೆ ಮರದ ನೆರಳಿಗೆ ಸೇರಿ ತಲೆ ತಗ್ಗಿಸಿ ನಿಲ್ಲುತ್ತದೆ. ಅಲ್ಲಿ ಕಾಯಿಲೆ ಹುಡುಕಿ ಪ್ರಯೋಜನವಿಲ್ಲ. ಬೆಳಿಗ್ಗೆ ಆರಕ್ಕೇ ಬಿಟ್ಟು, ಹತ್ತಕ್ಕೆ ಕೂಡಿ, ಸಂಜೆ ನಾಲ್ಕರ ಮೇಲೆ ಮತ್ತೆ ಬಿಡಿ. ಬೇಸಿಗೆಯ ಒಣ ಹುಲ್ಲಿನಲ್ಲಿ ಹುಳುವಿನ ಭಯ ಕಡಿಮೆ, ಬೇಗ ಬಿಡಬಹುದು. ಅಕ್ಟೋಬರ್‌ನ ಮೇವನ್ನು ಸೈಲೇಜ್ (ಗಾಳಿಯಾಡದಂತೆ ತುಂಬಿಟ್ಟ ರಸಮೇವು) ಮಾಡಿಟ್ಟಿದ್ದರೆ ಈಗ ತೆಗೆಯಿರಿ. ಜಾಲಿ ಕಾಯಿ ಕುಟ್ಟಿ ಹಾಕುವವರೂ ಇದ್ದಾರೆ. ಇಡೀ ಕಾಯಿ ಹಾಕಿದರೆ ಬೀಜ ಹಾಗೇ ಹೊರಗೆ ಬೀಳುತ್ತದೆ. ಬಕ್ರೀದ್‌ಗೆ ಎರಡು ಹಲ್ಲಿನದೇ ಬೇಕು ಅನ್ನುವ ಗಿರಾಕಿ ಜಾಸ್ತಿ. ಹಾಗಾಗಿ ಆ ಮರಿಯನ್ನು ಹಿಂದಿನ ಮಳೆಗಾಲದಲ್ಲೇ ತಂದಿರಬೇಕು.

ನನ್ನ 22ರಲ್ಲಿ 20 ಮರಿ ಹೊಸತೊಡಕಿನ ಹೊತ್ತಿಗೆ 24ರಿಂದ 28 ಕೆಜಿಗೆ ಹೋದವು. ಎರಡು ಮಾತ್ರ 15 ದಾಟಲಿಲ್ಲ. ರೆಪ್ಪೆ ಕೆಂಪು, ಹಿಕ್ಕೆ ಗಟ್ಟಿ, ಬೇರೆ ಗೋದಲಿ, ಬೇರೆ ಮೇವು, ಎಲ್ಲ ಆಯಿತು. ಒಂದಕ್ಕೆ ನಡೆದಾಗ ಕೆಮ್ಮು ಬರುತ್ತಿತ್ತು. ಇನ್ನೊಂದರದ್ದು ಏನೂ ಹೊಳೆಯಲಿಲ್ಲ. ಡಿಸೆಂಬರ್‌ನಲ್ಲೇ ಅವೆರಡನ್ನು ಮಾರಿ, ಆ ದುಡ್ಡಿಗೆ ಇನ್ನೊಂದು ಹತ್ತು ಅಡಿ ಗೋದಲಿ ಮಾಡಿಸಿದೆ.